ಮುದಕಪ್ಪನ ಬಾಯಿಗೆ ಇಂಗ್ಲಿಷ್ ಬಂದದ್ದು

ಬಾದಾಮಿಯಲ್ಲಿ ಗುರುಬಸವ್ವ ಅಂತ ಒಬ್ಬಳಿದ್ದಳು. ಗುಹೆ ನೋಡಲು ಬಂದವರಿಗೆ ಮೆಟ್ಟಿಲ ಬುಡದಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುತ್ತಿದ್ದಳು. ರೊಟ್ಟಿ ಬಡಿದು ಬಡಿದು ಅವಳ ಬಲಗೈ ಮಣಿಕಟ್ಟು ಬಾತುಹೋಗಿತ್ತು. ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು, "ಇನ್ನ ರೊಟ್ಟಿ ಬಡಿಯೂದು ಬಿಡು. ಇಲ್ಲಾಂದ್ರ ಈ ಕೈ ನಿನ್ನ ಮಾತು ಕೇಳೂದಿಲ್ಲ."

ರೊಟ್ಟಿ ಬಿಡಬೇಕಾದರೆ ಮಗ ದುಡಿಯಬೇಕು. ಮಗ ಇದ್ದ, ಮುದಕಪ್ಪ. ಹೆಸರಿಗಷ್ಟೇ ಮುದಕ. ಮೈಗೆ ಮೀಸೆ ಬರುವ ವಯಸ್ಸು, ಬುದ್ಧಿ ಇನ್ನೂ ತೊಟ್ಟಿಲಲ್ಲಿ.

ಗುಡ್ಡದ ಎದುರಿಗೆ ದೇಸಾಯಿ ಸಾಹೇಬರು ಹೊಸ ಲಾಡ್ಜ್ ಕಟ್ಟಿಸಿದ್ದರು. ಅಲ್ಲಿಗೆ ಒಬ್ಬ ಗೈಡ್ ಬೇಕಾಗಿತ್ತು. ಗುಹೆಗಳ ಕಂಬ ಕಂಬವೂ ಮುದಕಪ್ಪನಿಗೆ ಗೊತ್ತು. ಇಂಗ್ಲಿಷನ್ನೂ ಹತ್ತನೇ ತರಗತಿಯ ತನಕ ಓದಿದ್ದ. ಅದು ಹೊಟ್ಟೆಯಲ್ಲಿ ಭದ್ರವಾಗಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

"ದಿನಾ ಮಾತಾಡಿದ್ರ ತಾನ ಬರತೈತಿ" ಅಂದಳು ಗುರುಬಸವ್ವ. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು, ಆದರೆ ಕಲಿಸುವ ಧೈರ್ಯಕ್ಕೆ ಕಡಿಮೆಯಿರಲಿಲ್ಲ. "ನಾಳಿಂದ ಎದುರಿಗೆ ಯಾರ ಬರಲಿ, ಇಂಗ್ಲಿಷಿನಾಗ ಮಾತಾಡಸು. ಯಾರನ್ನೂ ಬಿಡಬ್ಯಾಡ."

"ಆಯ್ತವ್ವಾ, ನೀ ಹೇಳಿದಂಗ!"

ಮರುದಿನ ಮುದಕಪ್ಪ ರೊಟ್ಟಿ ಬುಟ್ಟಿ ಹೊತ್ತು ಹೊರಟ. ಮೆಟ್ಟಿಲ ಮೇಲೆ ಮೊದಲು ಎದುರಾದದ್ದು ದೊಡ್ಡದೊಂದು ಗಡವ ಮಂಗ.

"ಗುಡ್ ಮಾರ್ನಿಂಗ್ ಸರ್!" ಅಂದ ಮುದಕಪ್ಪ.

ಮಂಗ ಹಲ್ಲು ಕಿಸಿಯಿತು. ಮಾತಿಗೆ ಒಲಿದರಲ್ಲ ಅಂತ ಇವನಿಗೆ ಖುಷಿ. ಬುಟ್ಟಿ ಇಳಿಸಿದ.

"ಪ್ಲೀಸ್ ಸಿಟ್ ಡೌನ್, ಸರ್!"

ಮಂಗ ಕೂತಿತು. ಅದರ ಹೆಂಡತಿ ಕೂತಿತು. ಮಕ್ಕಳು, ಮರಿಮಕ್ಕಳು, ಬೀದಿಯ ಬಳಗವೆಲ್ಲ ಬಂದು ಕೂತವು. ಮುದಕಪ್ಪ ಯಾರನ್ನೂ ಬಿಡಲಿಲ್ಲ, ಎಲ್ಲರನ್ನೂ ಮಾತಾಡಿಸಿದ. ಅವೂ ಒಂದು ರೊಟ್ಟಿಯನ್ನೂ ಬಿಡಲಿಲ್ಲ.

ಗುರುಬಸವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನ! ಮಂಗ್ಯಾನ ಜೋಡಿ ಯಾರರ ಇಂಗ್ಲಿಷ್ ಮಾತಾಡ್ತಾರೇನೋ!"

"ಪಾಪ, ನಡುವ ಬಾಯಿ ಹಾಕದ ಕೇಳಿದ್ರವ್ವ."

"ಬಾಯಿ ರೊಟ್ಟಿ ತಿನ್ನಾಕ ಹತ್ತಿತ್ತಲ್ಲೋ! ಮನುಷ್ಯಾರ ಜೋಡಿ ಮಾತಾಡು. ಅವರು ಏನಂತಾರ ಕೇಳು, ನೀನೂ ಹಂಗ ಅನ್ನು. ಕೂಸು ಮಾತು ಕಲಿಯೂದು ಹಂಗ ಅಲ್ಲೇನು?"

"ಆಯ್ತವ್ವಾ, ನೀ ಹೇಳಿದಂಗ!"

ಮರುದಿನ ಬಿಳಿ ಟೋಪಿಯ ವಿದೇಶಿ ಮುದುಕನೊಬ್ಬ ದಡದಡ ಮೆಟ್ಟಿಲಿಳಿದು ಬಂದ. ಅವಸರದಲ್ಲಿದ್ದ.

"ವೇರ್ ಈಸ್ ದ ಟಾಯ್ಲೆಟ್?"

ಮುದಕಪ್ಪ ಗಮನವಿಟ್ಟು ಕೇಳಿದ. "ವೇರ್ ಈಸ್ ದ ಟಾಯ್ಲೆಟ್?"

"ಐ ಯಾಮ್ ಆಸ್ಕಿಂಗ್ ಯು!"

"ಐ ಯಾಮ್ ಆಸ್ಕಿಂಗ್ ಯು!"

"ಪ್ಲೀಸ್!" ಮುದುಕ ಒಂಟಿಗಾಲಲ್ಲಿ ಕುಣಿದ.

"ಪ್ಲೀಸ್!" ಮುದಕಪ್ಪನೂ ಒಂಟಿಗಾಲಲ್ಲಿ ಕುಣಿದ. ಪಾಠ ಪೂರ್ತಿ ಕಲಿಯಬೇಕಲ್ಲ!

ಮುದುಕ ಗುಡ್ಡದ ಕೆಳಗಿನ ಹೊಂಡದ ಕಡೆ ಓಡಿದ. ಮುದಕಪ್ಪನೂ ಹಿಂದೆಯೇ ಓಡಿದ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇಬ್ಬರಿಗೂ ಸೇರಿಸಿ ಬೈದು ಕಳಿಸಿದರು.

"ಕೇಳಿದ್ದನ್ನ ತಿರುಗಿ ಅವನಿಗೇ ಕೊಡ್ತಾರೇನೋ, ಹೆಡ್ಡಾ!" ಅಂದಳು ಗುರುಬಸವ್ವ. ಆ ಹೊತ್ತಿಗೆ ಅವಳ ಮಣಿಕಟ್ಟಿಗೆ ಅರಿಶಿನದ ಪಟ್ಟಿ ಬಿದ್ದಿತ್ತು. "ಸ್ವಂತ ಮಾತಾಡು! ಕಣ್ಣಿಗೆ ಏನ ಕಾಣತೈತಿ, ಅದನ್ನ ಇಂಗ್ಲಿಷಿನಾಗ ಹೇಳ್ಕೋತ ಹೋಗು. ಮಾತು ಹರೀತೈತಿ."

"ಆಯ್ತವ್ವಾ, ನೀ ಹೇಳಿದಂಗ!"

ಮರುದಿನ ಗುರುಬಸವ್ವನ ಹತ್ತಿರ ರೊಟ್ಟಿ ತಿನ್ನಲು ಬಂದವರು ಬೇರೆ ಯಾರೂ ಅಲ್ಲ, ದೇಸಾಯಿ ಸಾಹೇಬರು. ದಪ್ಪ ಮೀಸೆ, ಕರ್ರಗೆ ಮಿಂಚುವ ಕೂದಲು. ಗುರುಬಸವ್ವ ಮಗನಿಗೆ ಕಣ್ಸನ್ನೆ ಮಾಡಿದಳು, ಮಾತಾಡು ಅಂತ.

"ದಿಸ್ ಈಸ್ ರೊಟ್ಟಿ" ಅಂದ ಮುದಕಪ್ಪ. "ದಿಸ್ ಈಸ್ ಚಟ್ನಿ."

"ಭೇಷ್!" ಅಂದರು ಸಾಹೇಬರು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಬೀಸಿತು.

"ಸರ್, ಯುವರ್ ಹೇರ್ ಈಸ್ ಗೋಯಿಂಗ್."

ಸಾಹೇಬರ ಕೈ ತಲೆಗೆ ಹೋಗುವ ಮೊದಲೇ ಕೂದಲು ಮೊಸರಿನ ಗಡಿಗೆಯಲ್ಲಿ ಬಿತ್ತು.

"ನೌ ಯುವರ್ ಹೇರ್ ಈಸ್ ಇನ್ ಮೊಸರು" ಅಂದ ಮುದಕಪ್ಪ. "ನೌ ಯುವರ್ ಹೆಡ್ ಈಸ್ ಶೈನಿಂಗ್. ನೌ ಯು ಆರ್ ಆ್ಯಂಗ್ರಿ."

ಸಾಹೇಬರು ಒದ್ದೆ ಕೂದಲು ಹಿಂಡಿಕೊಂಡು ಹೊರಟೇಬಿಟ್ಟರು. ಗುರುಬಸವ್ವ ಅವರ ಹಿಂದೆ ಓಡಿ, ನೋಯುವ ಕೈಯನ್ನು ನೋಯದ ಕೈಗೆ ಜೋಡಿಸಿದಳು. "ಸಾಹೇಬ್ರ, ಹುಡುಗ ಕೆಟ್ಟಾಂವಲ್ರಿ. ಒಮ್ಮಿ ಕರದು ನೋಡ್ರಿ. ನನ್ನ ಕೈ ಹೋದಂಗ ಆಗೇತ್ರಿ."

ಸಾಹೇಬರು ಆ ಬಾತ ಮಣಿಕಟ್ಟನ್ನು ನೋಡಿದರು. "ಅಂದದ್ದು ತಪ್ಪು" ಅಂದರು. "ಆದ್ರ ಇಂಗ್ಲಿಷಿನಾಗ ಅಂದಾನ. ನಾಳೆ ಕಳಸು."

ಮನೆಯಲ್ಲಿ ಬೈಗುಳದ ಮಳೆ! "ಕಂಡದ್ದೆಲ್ಲಾ ಆಡ್ತಾರೇನೋ! ಸಾಹೇಬ್ರು ಬೋಳಾದ್ರ ನಿನಗೇನೋ!"

"ನನಗ ಸಾಹೇಬ್ರನ್ನ ಕಂಡ್ರ ಹೆದರಿಕಿ ಬರತೈತವ್ವ."

ಗುರುಬಸವ್ವನ ದನಿ ತಗ್ಗಿತು. "ಹೆದರಬ್ಯಾಡೋ. ಸಾಹೇಬ್ರು ಅಂತ ತಿಳೀಲೇಬ್ಯಾಡ. ಅಲ್ಲಿ ಕುಂತಾಕಿ ನಮ್ಮವ್ವ ಅಂತ ತಿಳಕೊಂಡು ಮಾತಾಡು."

"ಆಯ್ತವ್ವಾ, ನೀ ಹೇಳಿದಂಗ!"

ಮರುದಿನ ಲಾಡ್ಜಿನಲ್ಲಿ ಸಾಹೇಬರು ಕೂದಲನ್ನು ಬಿಗಿಯಾಗಿ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮುದಕಪ್ಪ ಒಳಗೆ ಬಂದ, ಚಪ್ಪಲಿ ಮೂಲೆಗೆ ಒಗೆದ, ಸಾಹೇಬರ ಕಾಲ ಬಳಿ ನೆಲದ ಮೇಲೆ ಕೂತ.

"ಮದರ್, ಐ ಯಾಮ್ ಹಂಗ್ರಿ."

"ವಾಟ್?"

"ಮದರ್, ಹೌ ಈಸ್ ಯುವರ್ ಹ್ಯಾಂಡ್?" ಸಾಹೇಬರ ಬಲಗೈ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ನೀವತೊಡಗಿದ. "ಡೋಂಟ್ ಮೇಕ್ ರೊಟ್ಟಿ. ಐ ವಿಲ್ ವರ್ಕ್, ಮದರ್. ಯು ಸಿಟ್."

ಸಾಹೇಬರು ಕೈ ಎಳೆದುಕೊಳ್ಳಲು ಹೋದರು, ಎಳೆದುಕೊಳ್ಳಲಿಲ್ಲ. ಮೀಸೆ ಎರಡು ಸಲ ಅಲುಗಿತು. "ನಾಳೆ ಒಂದು ಬಸ್ಸು ಫಾರಿನ್ನಿನವರು ಬರ್ತಾರ" ಅಂದರು ಕೊನೆಗೆ. "ಗುಹೆ ತೋರಸು, ಊಟಕ್ಕ ಕರಕೊಂಡು ಬಾ. ಮತ್ತ ನನಗ ಮದರ್ ಅನಬ್ಯಾಡ."

ಗುರುಬಸವ್ವ ರೊಟ್ಟಿ ಹಂಚನ್ನು ತೊಳೆದು ಅಟ್ಟಕ್ಕೆ ಏರಿಸಿದಳು. ಆದರೂ ಸಾಹೇಬರ ಕೈ ನೀವಿದ ಸುದ್ದಿ ಕೇಳಿ ಬೈಯದಿರಲು ಆಗಲಿಲ್ಲ. "ಅವ್ವ ಅಂತ ತಿಳಿ ಅಂದ್ರ ಮೈಮ್ಯಾಲೆ ಬೀಳೂದೇನೋ! ನಾಳೆ ಮರ್ಯಾದಿಲೆ ನಡಕೋ. ಬಂದವರು ನಮ್ಮ ಬೀಗರು ಅಂತ ತಿಳಿ. ಬೀಗರನ್ನ ಹೆಂಗ ನೋಡ್ಕೋತೀವಿ, ಹಂಗ ನೋಡ್ಕೋ."

"ಆಯ್ತವ್ವಾ, ನೀ ಹೇಳಿದಂಗ!"

ಮರುದಿನ ಮಧ್ಯಾಹ್ನ ಗುರುಬಸವ್ವ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಹೊರಗೆ ಗದ್ದಲ. ನೋಡಿದರೆ ಓಣಿ ತುಂಬ ಟೋಪಿಗಳು! ಕಟ್ಟೆಯ ಮೇಲೆ ಸಾಲಾಗಿ ಕೂತವರ ಬೂಟು ಬಿಚ್ಚಿಸಿ, ತಂಬಿಗೆಯಿಂದ ಕಾಲಿಗೆ ನೀರು ಹಾಕುತ್ತಿದ್ದಾನೆ ಮುದಕಪ್ಪ. ಇಂಗ್ಲಿಷ್ ಅಂತೂ ಬಾಯಿಂದ ಹೊಳೆಯಾಗಿ ಹರಿಯುತ್ತಿದೆ.

"ವೆಲ್‌ಕಮ್! ಪ್ಲೀಸ್ ಕಮ್! ದಿಸ್ ಈಸ್ ಮೈ ಹೌಸ್! ಈಟ್ ರೊಟ್ಟಿ ಅಂಡ್ ಗೋ!"

"ಎಲೋ ಹುಚ್ಚ!" ಗುರುಬಸವ್ವ ಚೀರಿದಳು. "ಲಾಡ್ಜಿಗೆ ಕರಕೊಂಡು ಹೋಗೋ!"

"ಬೀಗರನ್ನ ಯಾರರ ಲಾಡ್ಜಿನಾಗ ಇಳಸ್ತಾರೇನವ್ವ?"

ಗುರುಬಸವ್ವ ಒಲೆಯ ಕಡೆ ತಿರುಗಿದಳು. ಮಗ ಅಟ್ಟದಿಂದ ಹಂಚು ಇಳಿಸಿ ಒಲೆಯ ಮೇಲಿಟ್ಟಾಗಿತ್ತು, ಹಿಟ್ಟಿಗೆ ನೀರು ಸುರಿದಾಗಿತ್ತು. ನಿಟ್ಟುಸಿರು ಬಿಟ್ಟು, ಪಟ್ಟಿ ಬಿಚ್ಚುತ್ತಾ ಏಳಲು ಹೊರಟಳು.

"ನೋ ನೋ! ಐ ವಿಲ್ ವರ್ಕ್, ಮದರ್. ಯು ಸಿಟ್!" ಮುದಕಪ್ಪ ಅವಳ ಭುಜ ಒತ್ತಿ ಕೂರಿಸಿದ.

ಅಷ್ಟರಲ್ಲಿ ತಮ್ಮ ಗಿರಾಕಿಗಳನ್ನು ಹುಡುಕುತ್ತಾ ದೇಸಾಯಿ ಸಾಹೇಬರು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ಕೂದಲು ಕೈಯಲ್ಲಿತ್ತು. ಅವರನ್ನು ಕಂಡದ್ದೇ ಮುದಕಪ್ಪನ ಮುಖ ಅರಳಿತು. ಮದರ್ ಅನಬೇಡ ಅಂತ ಸಾಹೇಬರು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಕನ್ನಡದಲ್ಲಿ ಅಂದ.

"ಅವ್ವಾ! ಛಲೋ ಹೊತ್ತಿಗೆ ಬಂದಿ ನೋಡು!"

ಮತ್ತೆ ಬೀಗರ ಕಡೆ ತಿರುಗಿ ಕೂಗಿದ. "ದಿಸ್ ಮದರ್ ಹ್ಯಾಂಡ್ ಈಸ್ ಗುಡ್! ದಿಸ್ ಮದರ್ ವಿಲ್ ಮೇಕ್ ರೊಟ್ಟಿ!"

ಬೀಗರೆಲ್ಲ ಚಪ್ಪಾಳೆ ತಟ್ಟಿದರು. ಕ್ಯಾಮೆರಾಗಳು ಮೇಲೆದ್ದವು. ಇಡೀ ಬಸ್ಸಿನ ಗಿರಾಕಿಗಳ ಎದುರು ಸಾಹೇಬರು ಏನು ತಾನೇ ಅಂದಾರು? ಪ್ಯಾಂಟು ಮೇಲೆತ್ತಿ ಒಲೆಯ ಮುಂದೆ ಕೂತು, ಒಂದು ಉಂಡೆ ಹಿಟ್ಟು ತಗೊಂಡು ಪಟಪಟ ಬಡಿಯತೊಡಗಿದರು.

ಗುರುಬಸವ್ವ ಕೈಯನ್ನು ಮತ್ತೆ ದಿಂಬಿನ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ, ಕೂತಲ್ಲಿಂದಲೇ ಕೂಗಿದಳು.

"ಸಾಹೇಬ್ರ, ಅಂಚು ಹರ್ಯಾಕ ಹತ್ತೇತಿ! ಜರಾ ತಿರುವಿ ತಿರುವಿ ಬಡೀರಿ!"