ಹೆಬ್ಬಲಸಿನ ಪೊಟರೆಯಲ್ಲಿ ನೇರಳೆ ಎಲೆ

ಕೊಟ್ರಪ್ಪ ಬಯಲುಸೀಮೆಯವನು. ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿದವನು, ಹೆಂಡತಿ ತೀರಿಕೊಂಡ ಮೇಲೆ ಘಟ್ಟದ ಕಾಡಿನಲ್ಲಿದ್ದ ನಿರ್ವಾಣಯ್ಯನವರ ಆಶ್ರಮಕ್ಕೆ ಬಂದು ಸೇರಿದ್ದ.

ಗುರುಗಳು ಹೊಳೆಯ ದಂಡೆಯ ಹೆಬ್ಬಲಸಿನ ಮರ ತೋರಿಸಿ, ಇದರ ಬುಡದಲ್ಲಿ ಕೂತು ಧ್ಯಾನ ಮಾಡು ಎಂದಿದ್ದರು.

ಕೂತ. ಆದರೆ ಸಂಜೆಯಾದರೆ ಸಾಕು, ಕಚ್ಚಿ ಬಿಟ್ಟ ಕಾಯಿಯ ಸಿಪ್ಪೆ, ಬೀಜದ ಚೂರು ತಲೆಯ ಮೇಲೆ ಉದುರುತ್ತಿದ್ದವು. ಕಣ್ಣು ಬಿಟ್ಟು ನೋಡಿದರೆ ಮೇಲೆ ಯಾರೂ ಇಲ್ಲ.

ಒಂದು ಮಧ್ಯಾಹ್ನ ಏಣಿ ಹಾಕಿ ಹತ್ತಿದ. ಕಾಂಡದಲ್ಲೊಂದು ಪೊಟರೆ ಕಂಡಿತು. ಮೊಣಕೈವರೆಗೆ ಕೈ ತೂರಿಸಿ ತಡಕಿದ. ಎಲೆಗಳ ರಾಶಿ ಬಿಟ್ಟು ಬೇರೇನೂ ಸಿಗಲಿಲ್ಲ. ಏನು ಬಂದು ಹೋಗುತ್ತಿದೆಯೋ, ಇನ್ನು ಬರುವುದು ಬೇಡ ಎಂದುಕೊಂಡು ಕಲ್ಲಿಟ್ಟು, ಜೇಡಿಮಣ್ಣು ಮೆತ್ತಿ, ಪೊಟರೆಯ ಬಾಯಿ ಮುಚ್ಚಿಬಿಟ್ಟ.

ಕೈ ತೊಳೆಯಲು ಹೊಳೆಗೆ ಇಳಿಯುವಾಗ ಗುರುಗಳು ಎದುರಾದರು. ಕೈಯೆಲ್ಲ ಮಣ್ಣಾಗಿದೆಯಲ್ಲ, ಏನು ಮಾಡಿ ಬಂದೆ ಎಂದು ಕೇಳಿದರು. ಹೇಳಿದ.

“ಒಳಗೆ ಏನಿತ್ತು?”

“ಏನೂ ಇರಲಿಲ್ಲ ಗುರುಗಳೇ. ಬರೀ ಎಲೆ.”

ಅವನ ಮೊಣಕೈಯ ಮಣ್ಣಿಗೆ ಎಲೆಯೊಂದು ಅಂಟಿಕೊಂಡಿತ್ತು. ಗುರುಗಳು ಅದನ್ನು ಬಿಡಿಸಿಕೊಂಡು ಮಗುಚಿ ನೋಡಿದರು. ಮೂಸಿದರು.

“ಇದು ನೇರಳೆ ಎಲೆ. ಹೆಬ್ಬಲಸಿನ ಹೊಟ್ಟೆಯೊಳಗೆ ಹೇಗೆ ಹೋಯಿತು?”

ಗಾಳಿಗೆ ಬಂದಿರಬೇಕು ಎಂದ ಕೊಟ್ರಪ್ಪ.

ಗುರುಗಳು ಎಲೆಯನ್ನು ಅವನ ಅಂಗೈಯಲ್ಲಿಟ್ಟರು.

ಎಲೆ ಇನ್ನೂ ಹಸಿರಾಗಿತ್ತು. ತೊಟ್ಟಿನಲ್ಲಿ ಓರೆಯಾಗಿ ಕಚ್ಚಿದ ಗುರುತು. ಒಳಗೆ ಎಲೆಗಳು ಒಂದರ ಮೇಲೊಂದು ಮೆತ್ತೆಯ ಹಾಗೆ ಹಾಸಿದ್ದು ಅವನಿಗೆ ಈಗ ನೆನಪಾಯಿತು. ನೇರಳೆ ಮರವಿದ್ದದ್ದು ಹೊಳೆಯ ಆಚೆ ದಡದಲ್ಲಿ.

ಹಾಸಿಗೆ ಇದೆ ಎಂದಮೇಲೆ ಮಲಗುವವರೂ ಇರಬೇಕು. ಹಗಲು ಮಲಗುವವರು. ಕೈಗೆ ಸಿಗದಷ್ಟು ಒಳಗೆ.

ಓಡಿದ. ಏಣಿ ಹತ್ತಿ, ಹಸಿ ಮಣ್ಣನ್ನು ಉಗುರಿನಿಂದಲೇ ಕೆರೆದು ಕಲ್ಲು ಕಿತ್ತ. ಇಳಿದು ಒಂದಿಷ್ಟು ದೂರ ಕೂತ. ಬಹಳ ಹೊತ್ತು ಏನೂ ಹೊರಬರಲಿಲ್ಲ. ತನ್ನ ಕೈಯಾರೆ ಒಂದು ಜೀವ ಹೋಯಿತೇನೋ ಎಂದು ಚಡಪಡಿಸಿದ. ಹತ್ತಿ ನೋಡಲು ಧೈರ್ಯ ಸಾಲಲಿಲ್ಲ.

ಹೊತ್ತು ಮುಳುಗುವಾಗ ಮೂತಿಯೊಂದು ಇಣುಕಿತು.

ಇಲಿ. ಆದರೆ ಊರಲ್ಲಿ ಅವನು ಕಂಡ ಇಲಿಯಲ್ಲ. ಕಂದು ಬೆನ್ನಿನ ಕೂದಲ ನಡುವೆ ಸಣ್ಣ ಸಣ್ಣ ಮುಳ್ಳು. ಬಾಲದ ತುದಿ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಪೊದೆಗಟ್ಟಿತ್ತು. ಅದು ಬಳ್ಳಿ ಹಿಡಿದು ಮೇಲೇರಿತು. ಎರಡು ದಡದ ಕೊಂಬೆಗಳು ಹೊಳೆಯ ಮೇಲೆ ಒಂದನ್ನೊಂದು ಮುಟ್ಟುವ ಕಡೆ ಹಾದು, ಆಚೆ ಹೋಯಿತು. ಅದರ ಹಿಂದೆಯೇ ಇನ್ನೊಂದು. ಕತ್ತಲಾಗುವ ಮುಂಚೆ ಮೊದಲನೆಯದು ಬಾಯಲ್ಲೊಂದು ಎಲೆ ಕಚ್ಚಿಕೊಂಡು ಮರಳಿ ಬಂತು.

ಕೊಟ್ರಪ್ಪ ಕೂತಲ್ಲಿಯೇ ಕೈಮುಗಿದ.

ಮರುದಿನ ಗುರುಗಳು ಹತ್ತಿರದ ಊರಿಗೆ ಹೋಗಿದ್ದವರು ಹಗಲೆಲ್ಲ ಅಲ್ಲೇ ಇದ್ದರು. ಅವರು ಬಂದಾಗ ಬಿಸಿಲು ಇಳಿದಿತ್ತು. ಕೊಟ್ರಪ್ಪ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ನಮ್ಮ ಕಡೆ ಇಲಿ ನೆಲದಲ್ಲಿ ಬಿಲ ತೋಡುತ್ತದೆ. ಇದು ನೆಲ ಮುಟ್ಟದೆ ಹೊಳೆ ದಾಟುತ್ತದೆ ಗುರುಗಳೇ.”

ಗುರುಗಳು ಕಾಲು ತೊಳೆಯುವುದನ್ನೂ ಮರೆತು ಕೇಳುತ್ತಿದ್ದರು. ದಾಟುವಾಗ ಬಾಲ ಎತ್ತಿತ್ತೋ ಇಳಿಬಿಟ್ಟಿತ್ತೋ ಎಂದರು. ಎಲೆಯನ್ನು ತೊಟ್ಟು ಹಿಡಿದು ತಂದಿತೋ ನಡುವೆ ಹಿಡಿದು ತಂದಿತೋ ಎಂದರು. ಮರಿಗಳಿವೆಯೇ ಎಂದರು. ಕೆಲವಕ್ಕೆ ಕೊಟ್ರಪ್ಪನ ಹತ್ತಿರ ಉತ್ತರವಿತ್ತು. ಕೆಲವಕ್ಕೆ ಇರಲಿಲ್ಲ.

ಕೊನೆಗೆ ಅವನು ತಲೆ ತಗ್ಗಿಸಿ ಹೇಳಿದ: “ನಿಮಗೆ ಎಲ್ಲ ಗೊತ್ತಿತ್ತು. ನನ್ನನ್ನು ಪರೀಕ್ಷೆ ಮಾಡಲಿಕ್ಕೇ ಆ ಎಲೆಯ ಮಾತು ಕೇಳಿದಿರಿ.”

ಗುರುಗಳು ಆಗಲೇ ಶಾಲು ಹೊದ್ದು ಹೊಳೆಯ ಕಡೆ ಬಿರಬಿರನೆ ಹೊರಟಿದ್ದರು. ನಿಂತು, ತಿರುಗಿ ನೋಡಿದರು.

“ಗೊತ್ತಿದ್ದರೆ ಕೇಳುತ್ತಿದ್ದೆನೇ?”