ಹಗೆಬಂಡೆಯ ಹೆಸರು

ಹಗೆಯೋ, ಹಗೇವೋ? ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿಗೆ ನಮ್ಮ ಕಲಬುರಗಿ ಸೀಮೆಯಲ್ಲಿ ಏನೆನ್ನುತ್ತಿದ್ದರು ಎಂಬುದು, ಗುವಾಹಟಿಗೆ ಬಂದು ಮೂವತ್ತು ವರ್ಷವಾದ ಮೇಲೆ, ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಹಗೆ. ಹೌದು, ಹಗೆಯೇ. ನಮ್ಮೂರ ದಿಬ್ಬದ ಹಾಸುಗಲ್ಲಿಗೆ ಹಗೆಬಂಡೆ ಎಂದೇ ಹೆಸರು. ಅದರ ನಡುವೆ ಎದೆಮಟ್ಟದ ಒಂದು ಗುಂಡಿ, ಅದರ ಮೈತುಂಬ ಉಳಿಯ ಗುರುತು. ಕೆಳಗೆ ಎರೆಹೊಲ, ಹಳೆಯ ಊರು ಇದ್ದದ್ದು ಅಲ್ಲಿ. ಇಬ್ಬರು ವೈರಿಗಳು ಇಲ್ಲಿ ಕಾದಾಡಿ ಸತ್ತರೆಂದು ಯಾರೋ ಫಲಕ ನೆಟ್ಟಿದ್ದಾರೆ. ನನ್ನ ಆಯಿ, ಅಂದರೆ ಅಜ್ಜಿ, ಹೇಳುತ್ತಿದ್ದುದು ಬೇರೆ.

ಹಿಂದೆ ಒಮ್ಮೆ ಆ ಬಂಡೆಯ ಮೇಲೆ ಕಲ್ಲುಕುಟಿಗರ ಹುಲಿಗೆವ್ವ ಗುಡಿಸಲು ಹಾಕಿಕೊಂಡಿದ್ದಳಂತೆ. ಕೆಳಗಿನ ಊರ ಗೌಡರ ಹೆಂಡತಿ ಚನ್ನಬಸವ್ವ ಆಕೆಯ ಜೀವದ ಗೆಳತಿ. ಆ ವರ್ಷ ನೆಲ ಎರಡು ಸಲ ಸಣ್ಣಗೆ ಅದುರಿತು. ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಗಡಿಗೆಗಳು ಉರುಳಿ ಒಡೆದವು. ಬಂಡೆಯ ಮೇಲಿನ ಗಡಿಗೆಗಳು ಕದಲಲಿಲ್ಲ ಎನ್ನುತ್ತಾರೆ. ಸಡಿಲ ಮಣ್ಣು ಕುಣಿಯುತ್ತದೆ, ಕಲ್ಲು ತಾಳುತ್ತದೆ ಎಂದು ಹುಲಿಗೆವ್ವನಿಗೆ ಹೊಳೆಯಿತು. ಬಾವಿಯ ಬಳಿ ಗೆಳತಿಯನ್ನು ಕಂಡು, “ಚನ್ನಿ, ಮ್ಯಾಲ ಬಂದು ಮನಿ ಕಟ್ಟಿಕೋರಿ” ಎಂದಳು. ಹತ್ತು ಹೆಂಗಸರೆದುರು ಚನ್ನಬಸವ್ವ ನಕ್ಕಳು.

“ಕಲ್ಲಿನ್ಯಾಗ ಹಗೆ ಯಾರು ತಗೀತಾರವ್ವ? ಊರ ಜ್ವಾಳ ನಿನ್ನ ಉಡಿಯಾಗ ತುಂಬಲೇನು?”

“ನಾನೇ ಕಡೀತೀನಿ. ಇನ್ನ ನಿನ್ನ ಹೆಸರು ನನ್ನ ಬಾಯಾಗ ಬಂದ್ರ ಕೇಳು!”

ಅಂದಿನಿಂದ ಹುಲಿಗೆವ್ವ ಒಬ್ಬಳೇ ಬಂಡೆ ಕಡಿದಳು. ಹೊಲಕ್ಕೆ ಹೋಗುವವರು “ಪಾತಾಳ ಕಂಡಿತೇನಬೇ?” ಎಂದು ನಗುತ್ತಿದ್ದರೇ ಹೊರತು ಯಾರೂ ಉಳಿ ಹಿಡಿಯಲಿಲ್ಲ. ಇಬ್ಬರು ಗೆಳತಿಯರ ನಡುವೆ ಮಾತು ನಿಂತು ಎಂಟು ತಿಂಗಳಾಯಿತು. ಗುಂಡಿ ಎದೆಮಟ್ಟಕ್ಕೆ ಬಂದಾಗ, ಒಂದು ಮಧ್ಯಾಹ್ನ, ನೆಲ ಮೂರನೆಯ ಸಲ ಅದುರಿತು. ಜನ ಬೀದಿಗೆ ಓಡಿಬಂದರು. ಆದರೆ ಮನೆಯೊಳಗಿನ ಹಗೆಗಳ ಮೇಲೆ ಮುಚ್ಚಿದ ಚಪ್ಪಡಿಗಳು ಸರಿದಿದ್ದನ್ನು ಬಾಗಿಲಿನಿಂದ ಕಂಡು, ಜೋಳ ಹಾಳಾದೀತೆಂದು ಮತ್ತೆ ಮನೆಗಳತ್ತ ತಿರುಗಿದರು. ಹುಲಿಗೆವ್ವ ಬಂಡೆಯ ಅಂಚಿಗೆ ಬಂದು ಗಂಟಲು ಹರಿಯುವಂತೆ ಕೂಗಿದಳು: “ಹಗೆ ಬಿಟ್ಟು ಬರ್ರೀ! ಹಗೆ ಬಿಟ್ಟು ಬರ್ರೀ!”

ಚನ್ನಬಸವ್ವನಿಗೆ ಅದು ಬೇರೆ ಹಗೆಯಾಗಿ ಕೇಳಿಸಿತು. “ಹಗೆ ಸಾಧಿಸಿದಾಕಿ ತಾನು. ಬಿಡೂದಿದ್ರ ತಾನೇ ಇಳಿದು ಬರಲಿ” ಎಂದು ಒಳಗೆ ಹೋದಳು. ಗೌಡತಿಯೇ ಹೋದ ಮೇಲೆ ಉಳಿದವರೂ ಹೋದರು. ಸ್ವಲ್ಪ ಹೊತ್ತಿಗೆ ನೆಲ ಮತ್ತೆ ಎದ್ದು ಕುಣಿಯಿತು. ಮಣ್ಣು ಹೇರಿದ ಭಾರದ ಮಾಳಿಗೆಗಳು ಒಂದರ ಹಿಂದೊಂದು ಒಳಗಿದ್ದವರ ಮೇಲೆ ಕುಸಿದು ಕೂತವು.

ಬದುಕಿರುವವರೆಗೂ ಹುಲಿಗೆವ್ವ ಒಂದೇ ಮಾತು ಆಡುತ್ತಿದ್ದಳಂತೆ: “ಚನ್ನೀ ಅಂತ ಕೂಗಿದ್ರ ಬರ್ತಿದ್ದಳು.” ಗುಂಡಿಗೆ ಮತ್ತೆ ಉಳಿ ಹಚ್ಚಲಿಲ್ಲ.

ಇಲ್ಲಿ ಗುವಾಹಟಿಯಲ್ಲಿ ನೆಲ ಆಗಾಗ ಅದುರುತ್ತದೆ. ಅದಕ್ಕೇ ಇಲ್ಲಿಯ ಹಿಂದಿನವರು ಬಿದಿರಿನ ಹಗುರ ಮನೆ ಕಟ್ಟಿದರು. ಮೊಮ್ಮಗಳು ಶ್ರಾವ್ಯಾ ಶಾಲೆಯ ನಕ್ಷೆ ತೋರಿಸಿ, “ಆಯಿ, ನಾವಿರೋದು ಕಡುಗೆಂಪಿನಲ್ಲಿ, ನಿಮ್ಮೂರು ತಿಳಿಬಣ್ಣದಲ್ಲಿ. ಅಲ್ಲಿ ಭೂಕಂಪ ಅಪರೂಪ” ಎನ್ನುತ್ತಾಳೆ. ಅಪರೂಪವೇ ಸರಿ. ಆ ಅಪರೂಪವನ್ನೇ ನಂಬಿ ನಮ್ಮವರು ತಲೆಯ ಮೇಲೆ ಅಷ್ಟು ಮಣ್ಣು ಹೊತ್ತುಕೊಂಡಿದ್ದರು.

ಈಗಲೂ ಆ ಗುಂಡಿಯಲ್ಲಿ ಮಳೆನೀರು ನಿಲ್ಲುತ್ತದೆ. ನೋಡಲು ಬಂದವರು ಬಗ್ಗಿ, ಒಳಗೆ ಕೂಗಿ, ಮಾರುದನಿ ಕೇಳಿ ಹೋಗುತ್ತಾರೆ. ಯಾರು ಯಾರನ್ನು ಕೂಗಬೇಕಿತ್ತು ಎಂಬುದು ಫಲಕದಲ್ಲಿ ಇಲ್ಲ. ಶ್ರಾವ್ಯಾ, ಪೆನ್ನು ತಗೊ ಮಗಾ. ಹಗೆಯ ಅರ್ಥ ಆಮೇಲೆ ಬರೆಯುವಿಯಂತೆ. ಮೊದಲು ಆ ಹೆಸರು ಬರಿ: ಚನ್ನಬಸವ್ವ.