ತೊಟ್ಟಿಲಿಗೆ ಬಾರದವರು

“ಗುರುಗಳೇ, ಹಳ್ಳಿಯ ತಾಯಂದಿರು ನಮಗೆ ಏಕೆ ಸುಳ್ಳು ಹೇಳುತ್ತಾರೆ?” ಎಂದು ಶಿಷ್ಯ ಕೇಳಿದ. ಎಳೆಗೂಸುಗಳ ಹುಟ್ಟು ಸಾವುಗಳನ್ನು ಬರೆದುಕೊಳ್ಳಲು ಅವನು ಮೂರು ತಿಂಗಳು ಮನೆಮನೆ ಅಲೆದು ಬಂದಿದ್ದ. “ಅವರ ಒಳ್ಳೆಯದಕ್ಕೇ ಕೇಳುತ್ತೇವೆ. ಆದರೂ ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು.”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಯಾವ ಊರಲ್ಲಿ ಎಷ್ಟು ಕೂಸುಗಳು ಸಾಯುತ್ತವೆ, ಏಕೆ ಸಾಯುತ್ತವೆ ಎಂದು ತಿಳಿಯುವುದೇ ಅವನ ಕೆಲಸ. ಮಾತಿನಲ್ಲಿ ಕಟ್ಟುನಿಟ್ಟು, ಕೆಲಸದಲ್ಲಿ ಅದಕ್ಕಿಂತ ಹೆಚ್ಚು. ಗೌಡ ಹೇಳಿದ್ದನ್ನು ಬರೆಯುತ್ತಿರಲಿಲ್ಲ, ಗಂಡ ಹೇಳಿದ್ದನ್ನೂ ಬರೆಯುತ್ತಿರಲಿಲ್ಲ. ಹಡೆದವಳ ಬಾಯಿಂದಲೇ ಬರಬೇಕು. ಅದೂ ಐದು ವರ್ಷದೊಳಗಿನದು ಮಾತ್ರ. ಹಿಂದಿನದನ್ನು ಯಾರಾದರೂ ತೆಗೆದರೆ ಕೈ ಎತ್ತಿ ತಡೆಯುತ್ತಿದ್ದ. ಏಕೆ ಕೇಳುತ್ತಿದ್ದೇನೆಂದು ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ಉತ್ತರ ಬಾಗುತ್ತದೆ ಎನ್ನುತ್ತಿದ್ದ. ಊರು ಬಿಡುವ ದಿನ ಎಲ್ಲರನ್ನೂ ಚಾವಡಿಗೆ ಕರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿ ಹೊರಡುತ್ತಿದ್ದ.

ಒಮ್ಮೆ ಅವನಿಗೆ ಏಳು ಹಳ್ಳಿಗಳ ಕೆಲಸ ಬಂತು. ಇದ್ದವಳು ಒಬ್ಬಳೇ ದಾದಿ, ಕಟ್ಟಿಸುವುದು ಒಂದೇ ಹೆರಿಗೆ ಕೋಣೆ. ಕೂಸುಗಳು ಹೆಚ್ಚು ಸಾಯುವ ಊರಿಗೆ ಅವಳು ಹೋಗಬೇಕು. ಆರು ಊರು ಮುಗಿಸಿ ಏಳನೆಯದಕ್ಕೆ ಬಂದ. ನಾಲ್ಕು ದಿನ ತಿರುಗಿದ. ಪ್ರತಿ ಹೊಸ್ತಿಲಲ್ಲೂ ಒಂದೇ ಉತ್ತರ: ಹುಟ್ಟಿದವೆಲ್ಲ ಬದುಕಿವೆ.

ಅವನಿಗೆ ಬೆರಗಾಯಿತು. ಇಷ್ಟು ವರ್ಷದ ತಿರುಗಾಟದಲ್ಲಿ ಇಂಥ ಊರನ್ನು ಅವನು ಕಂಡಿರಲಿಲ್ಲ. ಊರಿನ ಮುದಿ ಸೂಲಗಿತ್ತಿಯನ್ನು ಕೇಳಿಯೇ ಬಿಟ್ಟ: “ಏನಮ್ಮ, ಏನು ಮಾಡುತ್ತೀರಿ ನೀವು? ಗುಟ್ಟು ಹೇಳು.”

“ಗುಟ್ಟೇನ್ ಬಂತ್ರಿ ಸಾಹೇಬ್ರ,” ಎಂದಳು ಅವಳು. “ಹೆಸರಿಟ್ಟ ಕೂಸು ನಮ್ಮೂರಾಗ ಯಾವುದೂ ಹೋಗಿಲ್ಲ.”

ಅವನು ಅದನ್ನು ಹಾಗೆಯೇ ಬರೆದುಕೊಂಡ. ಆ ಮಾತಿನೊಳಗೆ ಏನಿದೆ ಎಂದು ನೋಡಲಿಲ್ಲ.

ಐದನೆಯ ದಿನ ಚಾವಡಿಯಲ್ಲಿ ಓದಿದ. “ಐದು ವರ್ಷದಲ್ಲಿ ಹುಟ್ಟಿದವು ಐವತ್ತೆರಡು. ಸತ್ತದ್ದು ಒಂದೂ ಇಲ್ಲ. ನಿಮ್ಮ ಪುಣ್ಯ. ಆದ್ದರಿಂದ ದಾದಿ ಹಳ್ಳದ ಆಚೆಯ ಊರಿಗೆ ಹೋಗುತ್ತಾಳೆ. ಸರಿಯೇ?”

ಹೆಂಗಸರ ಸಾಲಿನಲ್ಲಿ ತುಂಬು ಬಸುರಿಯೊಬ್ಬಳು ಏಳಲು ಹೋದಳು. ಅವಳ ಅತ್ತೆ ಸೆರಗು ಹಿಡಿದು ಜಗ್ಗಿದಳು.

“ಕುಂದ್ರ ಸುಮ್ನ. ಬಾಯಿ ಬಿಟ್ಟೀ ಅಂದ್ರ ನೋಡು!”

“ಬಿಡು ಅತ್ತಿ,” ಎಂದು ಅವಳು ಎದ್ದೇ ಬಿಟ್ಟಳು. “ಬರಕೋರಿ ಸಾಹೇಬ್ರ. ನಂದು ಎರಡು ಹೋಗ್ಯಾವ.”

ಒಬ್ಬ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಳು. ಅತ್ತೆಯ ಮುಖ ಬಿಳಿಚಿಕೊಂಡಿತು.

ಸಂಶೋಧಕನಿಗೆ ಸಿಟ್ಟು ಬಂತು. “ಮೊನ್ನೆ ಏನಂದೆ? ಇರುವುದು ಒಬ್ಬಳೇ ಮಗಳು, ಬೇರೆ ಯಾವುದೂ ಆಗಿಲ್ಲ ಅಂದೆ. ಈಗ ದಾದಿಯ ಹೆಸರು ಕೇಳಿದ ಕೂಡಲೇ ಎರಡು ಸತ್ತವೇ?”

ಉತ್ತರ ಕೊಟ್ಟವಳು ಸೂಲಗಿತ್ತಿ. “ಹೌದ್ರಿ. ಎರಡೂ ಈ ಕೈಯಾಗ ಬಂದು, ಈ ಕೈಯಾಗ ಹೋದ್ವು. ಹದಿಮೂರನೇ ದಿನಕ್ಕ ತೊಟ್ಟಿಲಿಗೆ ಹಾಕಿ ಹೆಸರಿಡತೀವಿ. ಅದಕ್ಕೂ ಮೊದಲ ಹೋದ ಕೂಸಿನ ಸುದ್ದಿ ನಾವು ಎತ್ತಂಗಿಲ್ಲ. ಎತ್ತಿದ್ರ ಅದು ತಿರುಗಿ ಬಂದು, ಹೊಟ್ಟಿಯಾಗಿದ್ದ ಕೂಸನ್ನ ಜೋಡಿ ಕರಕೊಂಡು ಹೋಗತೈತಿ. ಈಕಿ ಈಗ ಎತ್ಯಾಳ.”

ಸಂಶೋಧಕ ಬಸುರಿಯ ಕಡೆ ನೋಡಿದ. ಅವಳು ಎರಡೂ ಕೈಗಳನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದಳು. ಸೂಲಗಿತ್ತಿ ಹೇಳಿದ್ದನ್ನು ಅವಳು ನಂಬಿದ್ದಳು. ಸಂಪೂರ್ಣ ನಂಬಿದ್ದಳು. ನಂಬಿಯೂ ಎದ್ದು ನಿಂತಿದ್ದಳು.

“ನಿನಗೆ ಹೆದರಿಕೆಯಿಲ್ಲವೇ?” ಎಂದ ಅವನು. ಅವನ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ.

“ಐತ್ರಿ. ಸುಮ್ಮನಿದ್ದು ಎರಡು ಕಳಕೊಂಡೆ. ಮಾತಾಡಿ ಒಂದು ನೋಡತೀನಿ.” ಆಮೇಲೆ ನಿಧಾನವಾಗಿ ಹೇಳಿದಳು. “ಮೊದಲಿಂದು ಗಂಡು. ಮೂರನೇ ದಿನ ಹೋತು. ತಲೀ ತುಂಬ ಕೂದಲಾ. ಎರಡನೇದು ಅಳಲೇ ಇಲ್ಲ. ಉಸರು ಮಾತ್ರ ಇತ್ತು, ಒಂದು ತಾಸು.”

ಅವಳು ಕೂತಳು. ಹಿಂದಿನಿಂದ ಇನ್ನೊಬ್ಬಳು ಎದ್ದಳು. ಅವಳೂ ಬಸುರಿಯೇ, ಮೂರು ತಿಂಗಳು. “ನಂದೊಂದು. ಹೆಣ್ಣು. ಆರನೇ ದಿನ.” ಆಮೇಲೆ ಮತ್ತೊಬ್ಬಳು. ಕಿವಿ ಮುಚ್ಚಿಕೊಂಡಿದ್ದವಳು ಕೈ ಇಳಿಸಿ ತಾನೂ ಎದ್ದಳು. ಕೂಸು ಹೋದ ದಿನವನ್ನು ಒಬ್ಬಳೂ ಮರೆತಿರಲಿಲ್ಲ. ಒಬ್ಬಳು ಕೂಸಿನ ಉಗುರು ಹೇಗಿದ್ದವೆಂದು ಹೇಳಿದಳು. ಇನ್ನೊಬ್ಬಳು, ಹಾಲಿಗೆ ಬಾಯಿಟ್ಟಾಗ ಅದು ಒಂದು ಕಣ್ಣು ಮಾತ್ರ ತೆರೆದು ನೋಡಿತ್ತು ಎಂದಳು. ಗಂಡಸರು ತಲೆ ತಗ್ಗಿಸಿದ್ದರು; ತಮ್ಮ ಹೆಂಡಿರು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಂದು ಅವರಿಗೂ ತಿಳಿದಿರಲಿಲ್ಲ.

ಸಂಶೋಧಕ ಯಾವಾಗಲೋ ಕುರ್ಚಿ ಬಿಟ್ಟು ಎದ್ದಿದ್ದ. ನಿಂತೇ ಬರೆಯುತ್ತಿದ್ದ. ಕಾಣದ ಮಕ್ಕಳು ಒಂದೊಂದಾಗಿ ಬಂದು ಚಾವಡಿಯಲ್ಲಿ ಕೂರುತ್ತಿದ್ದಾರೆ ಎಂಬಂತೆ ಅವನಿಗೆ ಅನ್ನಿಸಿತು. ಉಸಿರನ್ನೂ ಮೆಲ್ಲಗೆ ಬಿಟ್ಟ.

ಕೊನೆಗೆ ಆ ಅತ್ತೆ ಎದ್ದಳು. “ನಂದೂ ಬರಕೊ ತಮ್ಮಾ. ನಾಕು. ಸೊಸಿ ಒಬ್ಬಾಕಿನ ಮ್ಯಾಲ ಯಾಕ ಬರಬೇಕು? ತಿರುಗಿ ಬರೂವು ನನ್ನ ಕಡೆನೂ ಬರಲಿ.”

ಅವು ಸತ್ತು ನಲವತ್ತು ವರ್ಷ ಕಳೆದಿತ್ತು. ಐದು ವರ್ಷದ ಆಚೆಯದನ್ನು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಅವನು ಹಾಳೆ ತಿರುವಿ, ಹಿಂಬದಿಯಲ್ಲಿ ನಾಲ್ಕನ್ನೂ ಬರೆದುಕೊಂಡ.

ಐದು ವರ್ಷದಲ್ಲಿ ಹುಟ್ಟಿದವು ಐವತ್ತೆರಡಲ್ಲ, ಅರುವತ್ತೈದಾದವು; ಸತ್ತವು ಹದಿಮೂರು. ಏಳು ಹಳ್ಳಿಗಳಲ್ಲಿ ಅಷ್ಟು ಕೂಸುಗಳು ಇನ್ನೆಲ್ಲೂ ಸತ್ತಿರಲಿಲ್ಲ. ತಿಂಗಳೊಳಗೆ ದಾದಿ ಆ ಊರಿಗೆ ಬಂದಳು. ಕೋಣೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ; ಕಂಬಳಿ ಇಳಿಬಿಟ್ಟು, ಅಂದು ಮೊದಲು ಎದ್ದು ನಿಂತಿದ್ದ ಬಸುರಿಯನ್ನು ಒಳಗೆ ಮಲಗಿಸಿದರು. ಹುಟ್ಟಿದ ಕೂಸು ಅಳಲಿಲ್ಲ. ಅತ್ತೆ ಗೋಡೆಗೆ ಹಣೆ ಆನಿಸಿ ನಿಂತಳು. ದಾದಿ ಮೈ ಒರೆಸಿ, ಬೆನ್ನು ತಿಕ್ಕಿ, ಅದರ ಮೂಗು ಬಾಯಿಗೆ ತನ್ನ ಬಾಯಿಟ್ಟು ಉಸಿರು ಕೊಟ್ಟಳು. ಮತ್ತೆ ಕೊಟ್ಟಳು. ಕೂಸು ಅತ್ತಿತು. ಹದಿಮೂರನೆಯ ದಿನ ಅದನ್ನು ತೊಟ್ಟಿಲಿಗೆ ಹಾಕಿದರು.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: “ಆದರೂ ಗುರುಗಳೇ, ಮೊದಲ ದಿನ ಅವಳು ಹೇಳಿದ್ದು ಸುಳ್ಳೇ ಅಲ್ಲವೇ?”

“ಹೊಟ್ಟೆಯೊಳಗಿನ ಕೂಸನ್ನು ಕಾಯಲು ಅಡ್ಡ ಹಿಡಿದ ಕೈಗೆ ನಿನ್ನ ಕಾಗದದಲ್ಲಿ ಸುಳ್ಳು ಅಂತ ಹೆಸರಿದ್ದರೆ, ಬರೆದುಕೊ.”